ಹಳೆಯ ಕಾರಿನ ಫ್ಯಾನು: ತಂತಿ ಸುಡುವುದೇಕೆ?

ಜೋಗವನ್ನು ನೋಡಿಕೊಂಡು ಸಾಗರದ ಮಾರ್ಗವಾಗಿ ಶಿವಮೊಗ್ಗೆಗೆ ಹಿಂದಿರುಗುವ ವಾಹನಗಳು ಊರನ್ನು ಸೇರುವ ದಾರಿಯಲ್ಲಿದೆ ಆಲ್ಕೊಳ. ಅಲ್ಲಿಯವರೆಗೆ ತಣ್ಣಗೆ ಓಡಿಬಂದ ಹಳೆಯ ಕಾರೊಂದು ವೃತ್ತದ ಸಂದಣಿಯಲ್ಲಿ ನಾಲ್ಕಾರು ನಿಮಿಷ ನಿಂತೊಡನೆ ಶಾಖಸೂಚಿಯ ಮುಳ್ಳು ಮೇಲೇರಿ, ಬಾನೆಟ್ಟಿನ ಸಂದಿಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟವರ ಎದೆ ಡವಗುಟ್ಟುವುದು ಸಹಜವೇ. ಆದರೆ ಆ ಕ್ಷಣದಲ್ಲಿಯೇ ಕಾರು ತನ್ನ ರೋಗದ ಸುಳಿವನ್ನೂ ಹೇಳುತ್ತಿರುತ್ತದೆ.

ಓಡುವ ಕಾರಿನ ರೇಡಿಯೇಟರಿಗೆ ಎದುರುಗಾಳಿಯೇ ಸಾಕು. ನಿಂತ ಕಾರಿಗೆ ಫ್ಯಾನು ಬೇಕು. ಓಡುವಾಗಲೂ ಎಂಜಿನ್ ಕಾಯುವುದಾದರೆ ನೀರು, ಥರ್ಮೋಸ್ಟಾಟ್, ರೇಡಿಯೇಟರುಗಳನ್ನು ಶಂಕಿಸಬೇಕು. ನಿಂತಾಗ ಮಾತ್ರ ಕಾಯುವುದಾದರೆ ಮೊದಲು ನೋಡಬೇಕಾದದ್ದು ಫ್ಯಾನನ್ನೇ.

1958ರಿಂದ 2014ರವರೆಗೆ ತಯಾರಾದ ಅಂಬಾಸಿಡರಿನಲ್ಲಿಯೂ, ಪ್ರೀಮಿಯರ್ ಪದ್ಮಿನಿಯಲ್ಲಿಯೂ ಫ್ಯಾನನ್ನು ತಿರುಗಿಸುತ್ತಿದ್ದುದು ಎಂಜಿನ್ನಿಗೆ ತೊಡಿಸಿದ ಬೆಲ್ಟು. ಅಲ್ಲಿ ಸುಡಲು ತಂತಿಯೇ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದರಿಂದ, ಫ್ಯಾನಿಗೆ ಪ್ರತ್ಯೇಕವಾದ ವಿದ್ಯುತ್ ಮೋಟಾರು ಬೇಕಾಯಿತು. ಆ ಮೊದಲ ಮಾರುತಿಗಳಿಗೆ ಈಗ ನಾಲ್ವತ್ತು ವರ್ಷ ಮೀರಿದೆ. ಅವುಗಳ ತಂತಿಗಳಿಗೂ ಅಷ್ಟೇ ವಯಸ್ಸು. ಅಂಬಾಸಿಡರಿಗೆ ಅನಂತರ ವಿದ್ಯುತ್ ಫ್ಯಾನನ್ನು ಹಾಕಿಸಿಕೊಂಡವರೂ ಉಂಟು.

ಶಾಖದ ಲೆಕ್ಕ

ತಂತಿಯಲ್ಲಿ ಹುಟ್ಟುವ ಶಾಖದ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲಿಯೇ ಪ್ರಕಟಿಸಿದ್ದನು. ತಡೆ ಹೆಚ್ಚಿದಷ್ಟೂ ಶಾಖ ಹೆಚ್ಚುತ್ತದೆ. ಪ್ರವಾಹ ಇಮ್ಮಡಿಸಿದರಂತೂ ಶಾಖ ನಾಲ್ಮಡಿಯಾಗುತ್ತದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಕನೆಕ್ಟರಿನ ತಾಮ್ರ ಹಸಿರುಗಟ್ಟಿ, ಹಿಡಿತ ಸಡಿಲವಾಗಿ, ಅಲ್ಲಿ ಕೇವಲ 0.1 ಓಮ್ ತಡೆ ಉಂಟಾಯಿತೆನ್ನಿ. 10 ಆಂಪಿಯರ್ ಪ್ರವಾಹ ಹರಿದರೆ ಆ ಒಂದು ಚುಕ್ಕೆಯಲ್ಲಿ 10 ವ್ಯಾಟ್ ಶಾಖ ಹುಟ್ಟುತ್ತದೆ. ಬುಷ್ ಸವೆದು ಬಿಗಿಯಾದ ಮೋಟಾರು ನಿಧಾನವಾಗಿ ತಿರುಗುತ್ತದೆ. ನಿಧಾನವಾದಷ್ಟೂ ಅದು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಅದು 20 ಆಂಪಿಯರ್ ಎಳೆದರೆ ಅದೇ ಚುಕ್ಕೆಯಲ್ಲಿ 40 ವ್ಯಾಟ್! ರೇಡಿಯೋ ರಿಪೇರಿಗೆ ಬಳಸುವ ಸಾಮಾನ್ಯ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಕನೆಕ್ಟರು ಕರಗುವುದರಲ್ಲಿ ಆಶ್ಚರ್ಯವೇನು?

ಆದುದರಿಂದ ಸುಟ್ಟ ತಂತಿಯನ್ನು ಕತ್ತರಿಸಿ ಹೊಸತನ್ನು ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸುಟ್ಟದ್ದು ರೋಗದ ಲಕ್ಷಣ. ರೋಗವು ಸಡಿಲವಾದ ಸಂಧಿಯಲ್ಲಿಯೋ ಬಳಲಿದ ಮೋಟಾರಿನಲ್ಲಿಯೋ ಅಡಗಿರುತ್ತದೆ.

ಪರೀಕ್ಷೆಯ ಕ್ರಮ

ಕೀಲಿ ತೆಗೆದ ಮೇಲೂ ಕೆಲವು ಕಾರುಗಳ ಫ್ಯಾನು ತಾನಾಗಿ ತಿರುಗಬಲ್ಲದು. ಎಂಜಿನ್ ಆರಿದ ಮೇಲೆ ಬ್ಯಾಟರಿಯ ಋಣಧ್ರುವದ ತಂತಿಯನ್ನು ಬಿಡಿಸಿ, ಆಮೇಲೆ ಕೈಯಿಡಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬಾರದು.

ಫ್ಯಾನಿನ ಅಲಗನ್ನು ಬೆರಳಿನಿಂದ ತಿರುಗಿಸಿ ನೋಡಿರಿ. ಸರಾಗವಾಗಿ ತಿರುಗದೆ ಕರಕರನೆ ಸದ್ದು ಮಾಡಿದರೆ ಮೋಟಾರಿನ ಕಾಲ ಮುಗಿಯುತ್ತಿದೆಯೆಂದು ತಿಳಿಯಬೇಕು. ಕನೆಕ್ಟರಿನಲ್ಲಿ ಕಂದು ಕಲೆ, ಹಸಿರು ಕಿಲುಬು ಇವೆಯೇ ನೋಡಬೇಕು. ಬಳಿಕ ಬ್ಯಾಟರಿಯನ್ನು ಮತ್ತೆ ಜೋಡಿಸಿ, ಫ್ಯಾನು ತಿರುಗುತ್ತಿರುವಾಗ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನಧ್ರುವಕ್ಕೂ ಇನ್ನೊಂದನ್ನು ಮೋಟಾರಿನ ಧನತುದಿಗೂ ಮುಟ್ಟಿಸಿದರೆ, ದಾರಿಯಲ್ಲಿ ಸೋರಿಹೋಗುವ ವೋಲ್ಟೇಜು ತಿಳಿಯುತ್ತದೆ. ಅದು ಅರ್ಧ ವೋಲ್ಟನ್ನು ಮೀರಿದರೆ ನಡುವೆ ಎಲ್ಲಿಯೋ ತಡೆಯಿದೆ. ಅರ್ತಿನ ಕಡೆಗೂ ಹೀಗೆಯೇ ಪರೀಕ್ಷಿಸಬೇಕು. ಇದು ವೈರಿಂಗ್ ಬಲ್ಲವರಿಗೆ ಕೆಲವೇ ನಿಮಿಷದ ಕೆಲಸ. ಅಭ್ಯಾಸವಿಲ್ಲದವರು ಅವರಿಂದಲೇ ಮಾಡಿಸುವುದು ಕ್ಷೇಮ.

ದೋಷವನ್ನು ಕಂಡ ಬಳಿಕ ಸುಟ್ಟ ಭಾಗವನ್ನು ಪೂರ್ತಿಯಾಗಿ ತೆಗೆದು, ಮೋಟಾರು ಎಳೆಯುವ ಪ್ರವಾಹಕ್ಕೆ ತಕ್ಕ ದಪ್ಪದ ತಂತಿಯನ್ನು ಹಾಕಿಸಬೇಕು. ಬೇರೆಯಾಗಿ ಫ್ಯಾನು ಹಾಕಿಸಿದವರು, ಅದರ ಭಾರವೆಲ್ಲ ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೇಲೆ ಬೀಳದಂತೆ ರಿಲೇಯ ಮೂಲಕ ಪ್ರವಾಹ ಕೊಡಿಸಬೇಕು. ಫ್ಯೂಸು ಬ್ಯಾಟರಿಯ ಸಮೀಪದಲ್ಲಿಯೇ ಇರಲಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಒಂದುಂಟು. ಫ್ಯೂಸು ಪದೇ ಪದೇ ಹೋಗುವುದೆಂದು 15 ಆಂಪಿಯರಿನ ಸ್ಥಾನದಲ್ಲಿ 30ರದನ್ನು ಸಿಕ್ಕಿಸುವುದು, ಇಲ್ಲವೇ ತಂತಿಯ ಎಳೆಯೊಂದನ್ನು ಸುತ್ತಿಬಿಡುವುದು. ಫ್ಯೂಸು ಇರುವುದು ತಂತಿಯ ರಕ್ಷಣೆಗೆ. ಅದು ಸಾಯದಿದ್ದರೆ ತಂತಿಯೇ ಫ್ಯೂಸಾಗುತ್ತದೆ. ಅದರ ಪಕ್ಕದಲ್ಲಿ ಪೆಟ್ರೋಲಿನ ಕೊಳವೆಯೂ ಹಾದುಹೋಗಿರಬಹುದು. ಕೆಲವೇ ರೂಪಾಯಿಯ ಫ್ಯೂಸು ಮತ್ತೆ ಮತ್ತೆ ಸುಟ್ಟುಹೋಗುತ್ತಿದ್ದರೆ ಅದನ್ನು ಬೈಯಬೇಡಿರಿ. ಅದು ಏನನ್ನು ಉಳಿಸುತ್ತಿದೆಯೆಂಬುದನ್ನು ಹುಡುಕಿರಿ.