ಕ್ಷೌರದ ಬ್ರಷ್‌ನ ಜೋಡಣೆ

ಕ್ಷೌರದ ಬ್ರಷ್ ಎಂಬುದು ಸಾಬೂನು ಅಥವಾ ಕ್ರೀಮನ್ನು ನೀರಿನೊಡನೆ ತಿರುವಿ ನೊರೆ ಬರಿಸಲು ಮತ್ತು ಆ ನೊರೆಯನ್ನು ಗಡ್ಡಕ್ಕೆ ಹಚ್ಚಲು ಬಳಸುವ ಸಾಧನ. ಹಿಡಿಕೆ ಮತ್ತು ಕೂದಲಿನ ಕಟ್ಟು ಇದರ ಎರಡು ಮುಖ್ಯ ಭಾಗಗಳು. ಸಿದ್ಧ ಕಟ್ಟೊಂದನ್ನು ಹಿಡಿಕೆಯ ಕುಳಿಯಲ್ಲಿ ಅಂಟಿನಿಂದ ಕೂರಿಸಿ ಮನೆಯಲ್ಲಿಯೇ ಬ್ರಷ್ ತಯಾರಿಸಿಕೊಳ್ಳಬಹುದು. ಜೋಡಣೆಯ ಕೆಲಸ ಸುಲಭವಾದುದು; ಆದರೆ ಕೂದಲು ಯಾವ ಪ್ರಾಣಿಯದು ಎಂಬ ಪ್ರಶ್ನೆ ಭಾರತದಲ್ಲಿ ಕಾನೂನಿಗೆ ಸಂಬಂಧಿಸಿದ್ದು.

ಹಿನ್ನೆಲೆ

ಯುರೋಪಿನಲ್ಲಿ ಉತ್ತಮ ಬ್ರಷ್‌ಗಳಿಗೆ ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲನ್ನು ಬಳಸುವ ರೂಢಿ ಬೆಳೆಯಿತು. ಫ್ರೆಂಚ್ ಭಾಷೆಯಲ್ಲಿ ‘ಬ್ಲೆರೋ’ ಎಂಬ ಒಂದೇ ಪದ ಬ್ಯಾಡ್ಜರ್‌ಗೂ ಕ್ಷೌರದ ಬ್ರಷ್‌ಗೂ ಸಲ್ಲುತ್ತದೆ. ಬ್ಯಾಡ್ಜರ್ ನೀರುನಾಯಿಯ ಕುಟುಂಬಕ್ಕೆ ಸೇರಿದ, ನೆಲದಲ್ಲಿ ಬಿಲ ತೋಡಿ ವಾಸಿಸುವ ಪ್ರಾಣಿ. ಇದರ ಕೂದಲಿನ ಬುಡ ಮತ್ತು ತುದಿ ತಿಳಿಬಣ್ಣದ್ದಾಗಿದ್ದು ನಡುವೆ ಕಪ್ಪು ಪಟ್ಟಿ ಇರುತ್ತದೆ. ನೀರನ್ನು ಚೆನ್ನಾಗಿ ಹಿಡಿದಿಡುವ ಗುಣ ಮತ್ತು ಮೃದುವಾದ ತುದಿ ಇದರ ಬೇಡಿಕೆಗೆ ಕಾರಣ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಕೂದಲಿನ ಕೊರತೆಯುಂಟಾಗಿ, ಸರಿಯಾಗಿ ಶುದ್ಧೀಕರಿಸದ ಕುದುರೆ ಕೂದಲಿನ ಅಗ್ಗದ ಬ್ರಷ್‌ಗಳು ಮಾರುಕಟ್ಟೆಗೆ ಬಂದವು. ಇವುಗಳ ಮೂಲಕ ಬ್ರಿಟನ್ ಮತ್ತು ಅಮೆರಿಕದಲ್ಲಿ ಸೈನಿಕರೂ ನಾಗರಿಕರೂ ನೆರಡಿ ರೋಗಕ್ಕೆ, ಅಂದರೆ ಆಂಥ್ರಾಕ್ಸ್‌ಗೆ ತುತ್ತಾದರು. 1920ರಲ್ಲಿ ಬ್ರಿಟನ್ ಜಪಾನಿನಿಂದ ಇಂತಹ ಬ್ರಷ್‌ಗಳ ಆಮದನ್ನು ನಿಷೇಧಿಸಿತು. ಮೂಲ ತಿಳಿಯದ ಹಸಿ ಕೂದಲನ್ನು ಕೊಂಡು ಮನೆಯಲ್ಲಿ ಕಟ್ಟಬಾರದು ಎನ್ನುವುದಕ್ಕೆ ಈ ಇತಿಹಾಸವೇ ಸಾಕ್ಷಿ.

ಕೂದಲಿನ ಆಯ್ಕೆ ಮತ್ತು ಕಾನೂನು

ಭಾರತದಲ್ಲಿ ಕಂಡುಬರುವ ತರಕರಡಿ, ಅಂದರೆ ಹನಿ ಬ್ಯಾಡ್ಜರ್, ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಒಂದನೆಯ ಅನುಸೂಚಿಯಲ್ಲಿದೆ. ಕರ್ನಾಟಕದ ಕಾವೇರಿ ವನ್ಯಜೀವಿಧಾಮದಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳು ಇದರ ಚಿತ್ರಗಳನ್ನು ಸೆರೆಹಿಡಿದಿವೆ. ಈಶಾನ್ಯ ಭಾರತದ ಹಾಗ್ ಬ್ಯಾಡ್ಜರ್‌ಗೂ ಇದೇ ಕಾನೂನಿನ ರಕ್ಷಣೆ ಇದೆ. ಇವುಗಳನ್ನು ಬೇಟೆಯಾಡುವುದೂ ಇವುಗಳ ಕೂದಲನ್ನು ಮಾರುವುದೂ ಅಪರಾಧ.

ಮುಂಗುಸಿಯ ವಿಷಯವೂ ಇದೇ. ಬೀದರ್ ಜಿಲ್ಲೆಯ ಹೊಲಗಳ ಬದುಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಪ್ರಾಣಿಯನ್ನು ದೇಶದ ಹಲವೆಡೆ ಬ್ರಷ್ ಕೂದಲಿಗಾಗಿ, ಮುಖ್ಯವಾಗಿ ಚಿತ್ರಕಲೆಯ ಕುಂಚಗಳಿಗಾಗಿ, ಕೊಲ್ಲಲಾಗಿದೆ. ಒಂದು ಕಿಲೋಗ್ರಾಂ ಕೂದಲಿಗೆ ಸುಮಾರು 50 ಮುಂಗುಸಿಗಳು ಬಲಿಯಾಗುತ್ತವೆ ಎಂಬ ಅಂದಾಜಿದೆ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳವು ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ಈ ವ್ಯಾಪಾರದ ವಿರುದ್ಧ ಹಲವು ರಾಜ್ಯಗಳಲ್ಲಿ ದಾಳಿ ನಡೆಸಿತು. ಕೂದಲು ಯಾವ ಪ್ರಾಣಿಯದೆಂಬುದನ್ನು ಬರಿಗಣ್ಣಿನಿಂದ ಖಚಿತವಾಗಿ ಹೇಳುವುದು ಕಷ್ಟ. ಅದಕ್ಕೆ ಸೂಕ್ಷ್ಮದರ್ಶಕದ ಅಥವಾ ಡಿ.ಎನ್.ಎ. ಪರೀಕ್ಷೆ ಬೇಕು. ಆದ್ದರಿಂದ ಮೂಲದ ದಾಖಲೆಯಿಲ್ಲದ ‘ಅಸಲಿ ಬ್ಯಾಡ್ಜರ್’ ಕಟ್ಟನ್ನು ಕೊಳ್ಳದಿರುವುದು ಸುರಕ್ಷಿತ.

ಬದಲಿಗೆ ದೊರೆಯುವ ಕೂದಲುಗಳಲ್ಲಿ ಎರಡು ಮುಖ್ಯವಾದವು. ಹಂದಿಯ ಕೂದಲು ಅಗ್ಗ ಮತ್ತು ಗಡುಸು. ಬಳಸಿದಂತೆ ತುದಿ ಸೀಳಿ ಮೃದುವಾಗುತ್ತದೆ. ಧಾರ್ಮಿಕ ಕಾರಣಗಳಿಂದ ಇದನ್ನು ಒಲ್ಲದವರೂ ಇದ್ದಾರೆ. ಬ್ಯಾಡ್ಜರ್ ಕೂದಲನ್ನು ಹೋಲುವಂತೆ ತಯಾರಿಸಿದ ಕೃತಕ ನಾರು ಬೇಗ ಒಣಗುತ್ತದೆ, ಕಡಿಮೆ ಸಾಬೂನಿನಲ್ಲಿ ನೊರೆ ಕೊಡುತ್ತದೆ, ಇದಕ್ಕೆ ಹುಳು ಹಿಡಿಯುವುದಿಲ್ಲ. ಮನೆಯ ಜೋಡಣೆಗೆ ಇದೇ ಹೆಚ್ಚು ಸೂಕ್ತ.

ಹಿಡಿಕೆ

ಹಿಡಿಕೆಯನ್ನು ಮರ, ಕೊಂಬು, ಲೋಹ ಅಥವಾ ರಾಳದಿಂದ ಮಾಡುತ್ತಾರೆ. ಸಾಗುವಾನಿ ಅಥವಾ ಬೀಟೆಯ ಚೆನ್ನಾಗಿ ಒಣಗಿದ ತುಂಡನ್ನು ಲೇತ್ ಇರುವ ಬಡಿಗರಿಂದ ತಿರುವಿಸಿಕೊಳ್ಳಬಹುದು. 50ರಿಂದ 60 ಮಿ.ಮೀ. ಎತ್ತರದ ಹಿಡಿಕೆ ಕೈಗೆ ಹೊಂದುತ್ತದೆ. ಕುಳಿಯ ಸುತ್ತ ಕನಿಷ್ಠ 3 ಮಿ.ಮೀ. ದಪ್ಪದ ಮರ ಉಳಿಯಬೇಕು. ಇಲ್ಲವಾದರೆ ಅಂಚು ಸೀಳುತ್ತದೆ.

ಕರ್ನಾಟಕದಲ್ಲಿ ಮರ ತಿರುವುವ ಕಲೆಗೆ ಚನ್ನಪಟ್ಟಣ ಹೆಸರಾಗಿದೆ. ಅಲ್ಲಿ ಆಲೆ ಮರವನ್ನು ಲೇತ್‌ನಲ್ಲಿ ತಿರುವಿ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಚ್ಚುತ್ತಾರೆ. ಆದರೆ ಅರಗು ಬಿಸಿಗೆ ಮೆದುವಾಗುತ್ತದೆ. ಸಾಬೂನಿನ ಕ್ಷಾರ ಅದರ ಹೊಳಪನ್ನು ಕೆಡಿಸುತ್ತದೆ. ಆದ್ದರಿಂದ ನಿತ್ಯವೂ ನೆನೆಯುವ ಹಿಡಿಕೆಗೆ ಪಾಲಿಯುರೆಥೇನ್ ವಾರ್ನಿಷ್ ಅಥವಾ ಎಪಾಕ್ಸಿಯ ಲೇಪ ಬೇಕು. ಕುಳಿಯ ಒಳಗೋಡೆಗೂ ತೆಳುವಾಗಿ ಲೇಪಿಸಿದರೆ ಮರ ನೀರು ಕುಡಿದು ಉಬ್ಬುವುದಿಲ್ಲ.

ಅಳತೆ

ಕಟ್ಟಿನ ಬುಡದ ವ್ಯಾಸ ಸಾಮಾನ್ಯವಾಗಿ 20ರಿಂದ 26 ಮಿ.ಮೀ. ಇರುತ್ತದೆ. ಕುಳಿಯ ವ್ಯಾಸ ಇದಕ್ಕಿಂತ ಸುಮಾರು 1 ಮಿ.ಮೀ. ಹೆಚ್ಚಿರಬೇಕು. ಹಿಡಿಕೆಯ ಅಂಚಿನಿಂದ ಕೂದಲಿನ ತುದಿಯವರೆಗಿನ ಎತ್ತರವು ಬ್ರಷ್‌ನ ಗುಣವನ್ನು ನಿರ್ಧರಿಸುತ್ತದೆ. ಕಟ್ಟನ್ನು ಆಳವಾಗಿ ಕೂರಿಸಿದರೆ ಬ್ರಷ್ ಗಡುಸಾಗುತ್ತದೆ. ಮೇಲಾಗಿ ಕೂರಿಸಿದರೆ ಮೆತ್ತಗಾಗಿ ಬಾಗುತ್ತದೆ. ಕಟ್ಟಿನ ಒಟ್ಟು ಉದ್ದ 65 ಮಿ.ಮೀ. ಇದ್ದು ಹೊರಗೆ 50 ಮಿ.ಮೀ. ಕಾಣಬೇಕಾದರೆ ಕುಳಿಯ ಆಳ 15 ಮಿ.ಮೀ. ಇರಬೇಕು. ಆಳ ಹೆಚ್ಚಾದರೆ ತಳಕ್ಕೆ ವಾಷರ್ ಇಟ್ಟು ಸರಿಪಡಿಸಬಹುದು. ಕೂದಲನ್ನು ಹಿಡಿದಿಟ್ಟಿರುವ ಗಟ್ಟಿ ಅಂಟಿನ ಬುಡ ಅಂಚಿನ ಮೇಲೆ ಕಾಣಿಸಬಾರದು.

ಜೋಡಿಸುವ ವಿಧಾನ

1. ಚಪ್ಪಟೆ ತಳದ ಕುಳಿ ಕೊರೆಯುವ ಬಿಟ್‌ನಿಂದ ಹಿಡಿಕೆಯ ನಡುವೆ ನೇರವಾಗಿ ಕುಳಿ ಕೊರೆದು ಹೊಟ್ಟನ್ನು ಸ್ವಚ್ಛಗೊಳಿಸಬೇಕು.

2. ಅಂಟು ಹಚ್ಚದೆ ಕಟ್ಟನ್ನು ಕೂರಿಸಿ, ಎತ್ತರವನ್ನೂ ನೇರವನ್ನೂ ಪರೀಕ್ಷಿಸಬೇಕು.

3. ಕಟ್ಟಿನ ಬುಡವನ್ನೂ ಕುಳಿಯ ಒಳಭಾಗವನ್ನೂ ಮರಳು ಕಾಗದದಿಂದ ಉಜ್ಜಿ ಒರಟಾಗಿಸಬೇಕು. ಇದರಿಂದ ಅಂಟಿನ ಹಿಡಿತ ಹೆಚ್ಚುತ್ತದೆ.

4. ಕೂದಲಿಗೆ ಕಾಗದ ಸುತ್ತಿ, ಹಿಡಿಕೆಯ ಅಂಚಿಗೆ ಟೇಪು ಅಂಟಿಸಬೇಕು.

5. ಎರಡು ಟ್ಯೂಬುಗಳಲ್ಲಿ ಬರುವ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಬೆರೆಸಬೇಕು. ಕೈಗವಸು ಧರಿಸುವುದು, ಗಾಳಿಯಾಡುವ ಕಡೆ ಕುಳಿತು ಕೆಲಸ ಮಾಡುವುದು ಅಗತ್ಯ.

6. ಅಂಟನ್ನು ಕುಳಿಯ ತಳಕ್ಕೂ ಕಟ್ಟಿನ ಬುಡಕ್ಕೂ ಮಿತವಾಗಿ ಹಚ್ಚಿ, ಕಟ್ಟನ್ನು ಮೆಲ್ಲಗೆ ತಿರುಗಿಸುತ್ತ ಒತ್ತಬೇಕು. ಉಕ್ಕಿದ ಅಂಟು ಕೂದಲಿಗೆ ಏರಿದರೆ ಅದನ್ನು ತೆಗೆಯಲಾಗದು. ಬ್ರಷ್ ಕೆಟ್ಟಂತೆಯೇ ಸರಿ.

7. ಬ್ರಷ್ಷನ್ನು ನೇರವಾಗಿ ನಿಲ್ಲಿಸಿ 24 ಗಂಟೆಗಳ ಕಾಲ ಬಿಡಬೇಕು. ಅಲ್ಲಿಯವರೆಗೆ ನೀರು ತಾಗಿಸಬಾರದು.

ಠಾಣಾ ಕುಶನೂರ, ಔರಾದ್, ಭಾಲ್ಕಿ ಮೊದಲಾದ ಕಡೆಗಳಲ್ಲಿನ ಬೇಸಿಗೆಯ ಬಿಸಿಯಲ್ಲಿ ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ. ಅಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುವುದು, ಬೆಳಗಿನ ತಂಪಿನಲ್ಲಿ ಜೋಡಿಸುವುದು ಅನುಕೂಲ.

ಬಳಕೆ ಮತ್ತು ರಕ್ಷಣೆ

ಹೊಸ ಬ್ರಷ್ಷನ್ನು ಶಾಂಪೂ ಹಾಕಿ ಒಂದೆರಡು ಬಾರಿ ತೊಳೆಯಬೇಕು. ಮೊದಲ ಕೆಲವು ದಿನ ನಾಲ್ಕಾರು ಕೂದಲು ಉದುರುವುದು ಸಹಜ. ಉದುರುತ್ತಲೇ ಇದ್ದರೆ ಕಟ್ಟು ಸಡಿಲವಾಗಿದೆ ಎಂದರ್ಥ. ಕಟ್ಟೇ ಹಿಡಿಕೆಯಿಂದ ಕಳಚಿ ಬಂದರೆ ಹಳೆಯ ಅಂಟನ್ನು ಕೆರೆದು ಮತ್ತೆ ಕೂರಿಸಬಹುದು. ಕುದಿಯುವ ನೀರು ಕೂದಲಿಗೂ ಅಂಟಿಗೂ ಹಾನಿಕರವಾದುದರಿಂದ ಬೆಚ್ಚಗಿನ ನೀರನ್ನೇ ಬಳಸಬೇಕು.

ಪ್ರತಿಸಲವೂ ಸಾಬೂನು ಪೂರ್ತಿ ಹೋಗುವಂತೆ ತೊಳೆದು, ನೀರು ಕೊಡವಿ, ಗಾಳಿಯಲ್ಲಿ ಒಣಗಿಸಬೇಕು. ಗಡಸು ನೀರಿನ ಕೊಳವೆಬಾವಿಗಳನ್ನು ಅವಲಂಬಿಸಿದ ಊರುಗಳಲ್ಲಿ ಸಾಬೂನಿನ ಗಸಿ ಕೂದಲಿನ ಬುಡದಲ್ಲಿ ಕಟ್ಟಿಕೊಳ್ಳುತ್ತದೆ. ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಕೆಲವು ನಿಮಿಷ ಅದ್ದಿಟ್ಟರೆ ಇದು ಬಿಡುತ್ತದೆ. ಪ್ರಾಣಿಯ ಕೂದಲಿನ ಬ್ರಷ್ಷನ್ನು ಬಹುಕಾಲ ಮುಚ್ಚಿಡುವುದಾದರೆ ಹುಳು ಹಿಡಿಯದಂತೆ ಪೂರ್ತಿ ಒಣಗಿಸಿ ಇಡಬೇಕು. ಗಡ್ಡದ ಭಾಗದ ಚರ್ಮರೋಗಗಳು ಒಬ್ಬರಿಂದೊಬ್ಬರಿಗೆ ಹರಡುವ ಸಾಧ್ಯತೆ ಇರುವುದರಿಂದ ಒಬ್ಬರ ಬ್ರಷ್ಷನ್ನು ಮತ್ತೊಬ್ಬರು, ಒಂದೇ ಮನೆಯವರಾದರೂ, ಬಳಸಬಾರದು.