ಮೂರು ಅಂತಸ್ತಿನ ಮನೆಗೊಂದು ಜಾಲ: ತಂತಿಯೂ ತರಂಗವೂ

ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆ ಮೂರು ಅಂತಸ್ತಿನದು. ಹೊರಗಿನಿಂದ ಬರುವ ಅಂತರ್ಜಾಲದ ಸಂಪರ್ಕ ಕೆಳಗಿನ ನಡುಮನೆಗೆ ಬಂದು ಮುಟ್ಟುತ್ತದೆ; ರೂಟರ್ ಎಂಬ ಪೆಟ್ಟಿಗೆಯೂ ಅಲ್ಲಿಯೇ ಇದೆ. 2021ರಲ್ಲಿ ಕಾಲೇಜುಗಳು ಮುಚ್ಚಿದ್ದಾಗ ನನ್ನ ಸೋದರಸೊಸೆ ಎರಡನೆಯ ಮಹಡಿಯ ಕೋಣೆಯಲ್ಲಿ ಕುಳಿತು ಪಾಠ ಕೇಳುತ್ತಿದ್ದಳು. ಒಂದು ದಿನ ಪರೀಕ್ಷೆಯ ನಡುವೆಯೇ ಸಂಪರ್ಕ ಕಡಿದು, ಬರೆದಿದ್ದ ಉತ್ತರಗಳೆಲ್ಲ ಹೋದುವು. "ಮಾವ, ನೀವು ಭೌತಶಾಸ್ತ್ರ ಹೇಳಿಕೊಡುವವರಲ್ಲವೆ? ಕೆಳಗೆ ಸಿಗುವುದು ಮೇಲೇಕೆ ಸಿಗದು?" ಎಂದು ಅವಳು ಕೇಳಿದಳು. ಅಂಗಡಿಯಿಂದ ರಿಪೀಟರ್ ಒಂದನ್ನು ತಂದು ಮೊದಲನೆಯ ಮಹಡಿಯಲ್ಲಿಟ್ಟರೆ ಸರಿಹೋದೀತೆಂದು ನಾನು ಯೋಚಿಸದೆಯೇ ಹೇಳಿದೆ. ಸರಿಹೋಗಲಿಲ್ಲ. ಏಕೆ ಸರಿಹೋಗಲಿಲ್ಲವೆಂಬುದನ್ನು ವಿಚಾರ ಮಾಡುವುದು ವಾಚಕರಿಗೂ ಉಪಯುಕ್ತವಾದೀತು.

ವೈ-ಫೈ ಎಂದು ನಾವು ಕರೆಯುವುದು ರೇಡಿಯೋ ತರಂಗಗಳನ್ನೇ. ಮನೆಗಳಲ್ಲಿ ಬಳಸುವ ಪೆಟ್ಟಿಗೆಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಆವೃತ್ತಿಗಳ ಸುಮಾರಿನಲ್ಲಿ ಕೆಲಸಮಾಡುತ್ತವೆ. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುವುದಷ್ಟೆ. ಮೊದಲನೆಯದಕ್ಕೆ ಅದು 12.5 ಸೆಂಟಿಮೀಟರು, ಎರಡನೆಯದಕ್ಕೆ 6 ಸೆಂಟಿಮೀಟರು. ಬಯಲಿನಲ್ಲಿ ಈ ತರಂಗಗಳ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಒಂದು ಮೀಟರು ದೂರದಲ್ಲಿದ್ದುದು ಹತ್ತು ಮೀಟರಿನಲ್ಲಿ ನೂರರಲ್ಲೊಂದು ಪಾಲಾಗುತ್ತದೆ.

ಆದರೆ ಮನೆ ಬಯಲಲ್ಲ. ಆರ್.ಸಿ.ಸಿ. ತಾರಸಿಯೊಳಗೆ ಕಬ್ಬಿಣದ ಸರಳುಗಳ ಹೆಣಿಗೆಯಿದೆ. ಅವುಗಳ ನಡುವಣ ಅಂತರವು ತರಂಗದೂರಕ್ಕೆ ಹತ್ತಿರದ ಅಳತೆಯದಾದುದರಿಂದ ತರಂಗದ ಒಂದಂಶ ಹಿಂದಕ್ಕೆ ಪ್ರತಿಫಲಿಸುತ್ತದೆ. ಕಾಂಕ್ರೀಟು ಮತ್ತು ಅದರಲ್ಲಿ ಉಳಿದಿರುವ ತೇವ ಇನ್ನೊಂದಂಶವನ್ನು ಹೀರಿಕೊಳ್ಳುತ್ತವೆ. ಹೀಗೆ ಒಂದು ತಾರಸಿಯನ್ನು ದಾಟುವಾಗ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನಷ್ಟವಾಗಬಹುದು. ಎರಡು ತಾರಸಿಗಳಾದರೆ ನಷ್ಟವನ್ನು ಕೂಡಬಾರದು, ಗುಣಿಸಬೇಕು: ಹತ್ತರಲ್ಲೊಂದರ ಹತ್ತರಲ್ಲೊಂದು, ಎಂದರೆ ನೂರರಲ್ಲೊಂದು. ಈ ಗುಣಾಕಾರದ ತೊಡಕನ್ನು ತಪ್ಪಿಸಲೆಂದೇ ಎಂಜಿನಿಯರುಗಳು ಲಾಗರಿದಮ್ಮಿನ ಅಳತೆಯಾದ ಡೆಸಿಬೆಲ್ಲನ್ನು ಬಳಸುತ್ತಾರೆ. ಹತ್ತರಲ್ಲೊಂದಾಗುವುದು 10 ಡೆಸಿಬೆಲ್ ನಷ್ಟ, ನೂರರಲ್ಲೊಂದಾಗುವುದು 20.

ಇದರ ಮೇಲೆ ಆಂಟೆನಾದ ಸ್ವಭಾವ ಬೇರೆ. ನೆಟ್ಟಗೆ ನಿಂತ ಕಡ್ಡಿಯು ಸುತ್ತಲೂ ಅಡ್ಡಲಾಗಿ ಚೆನ್ನಾಗಿ ಪ್ರಸಾರ ಮಾಡುತ್ತದೆ. ತನ್ನ ನೆತ್ತಿಯ ದಿಕ್ಕಿಗೆ ಬಹಳ ಕಡಿಮೆ. ಹುಡುಗಿಯ ಕೋಣೆಯೋ, ಪೆಟ್ಟಿಗೆಯ ನೆತ್ತಿಯ ಮೇಲೆಯೇ!

1895ರ ಸುಮಾರಿನಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂತಹ ಕಿರು ತರಂಗಗಳನ್ನು ಗೋಡೆಗಳ ಮೂಲಕ ಹಾಯಿಸಿ ಗಂಟೆ ಬಾರಿಸಲಿಲ್ಲವೆ ಎಂದು ವಾಚಕರು ಕೇಳಬಹುದು. ನಿಜ, ಆದರೆ ಗಂಟೆ ಬಾರಿಸಲು ತರಂಗ ಬಂದು ತಲುಪಿದರೆ ಸಾಕು. ಪಾಠದ ಚಿತ್ರವನ್ನೂ ಧ್ವನಿಯನ್ನೂ ತರಲು ಸೆಕೆಂಡಿಗೆ ಲಕ್ಷಗಟ್ಟಲೆ ಸಂಜ್ಞೆಗಳು ತಪ್ಪಿಲ್ಲದೆ ಬರಬೇಕು. ಹಾಗೆ ಬರಬಹುದಾದ ಸಂಜ್ಞೆಗಳ ಮಿತಿಯನ್ನು ಆವೃತ್ತಿಪಟ್ಟಿಯ ಅಗಲದ ಜೊತೆಗೆ, ಸುತ್ತಲಿನ ಗದ್ದಲಕ್ಕಿಂತ ಸಂಜ್ಞೆ ಎಷ್ಟು ಪಾಲು ಪ್ರಬಲವಾಗಿದೆಯೆಂಬುದೂ ನಿರ್ಧರಿಸುತ್ತದೆಂದು ಕ್ಲಾಡ್ ಶಾನನ್ 1948ರಲ್ಲಿ ಗಣಿತದಿಂದ ತೋರಿಸಿದನು. ನನ್ನ ಸಲಹೆ ಸೋತದ್ದು ಇಲ್ಲಿಯೇ. ರಿಪೀಟರ್ ಮೊದಲು ಕೇಳಿಸಿಕೊಂಡು ಆಮೇಲೆ ನುಡಿಯುವ ಯಂತ್ರ. ಒಂದೇ ಚಾನಲ್ಲಿನಲ್ಲಿ ಎರಡನ್ನೂ ಒಮ್ಮೆಗೇ ಮಾಡಲಾರದು. ಆದುದರಿಂದ ಅರ್ಧ ಕಾಲ ಕೇಳುವುದಕ್ಕೇ ಹೋಗುತ್ತದೆ. ಅದೂ ಒಂದು ತಾರಸಿಯನ್ನು ದಾಟಿ ಬಡಕಲಾಗಿ ಬಂದುದನ್ನೇ ಕೇಳಬೇಕು.

ಹಾಗಾದರೆ ತಾರಸಿಯನ್ನು ದಾಟಿಸುವ ಕೆಲಸವನ್ನು ತರಂಗಕ್ಕೆ ಕೊಡದೆ ತಂತಿಗೆ ಕೊಡುವುದೇ ಸರಿ. ಜಾಲಕ್ಕೆ ಬಳಸುವ ಕೇಬಲನ್ನು ಕತ್ತರಿಸಿ ನೋಡಿ. ಒಳಗೆ ನೀಲಿ, ಕಿತ್ತಳೆ, ಹಸಿರು, ಕಂದು ಬಣ್ಣಗಳ ನಾಲ್ಕು ಜೋಡಿ ತಂತಿಗಳು, ಪ್ರತಿ ಜೋಡಿಯೂ ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಹೊಸೆಯುವುದು ಅಂದಕ್ಕಲ್ಲ. ಹತ್ತಿರದ ಬೇರೊಂದು ತಂತಿಯಿಂದ ಕ್ಷೋಭೆ ಬಂದಾಗ, ಜೋಡಿಯ ಎರಡು ತಂತಿಗಳೂ ಸರದಿಯಂತೆ ಅದಕ್ಕೆ ಹತ್ತಿರವಾಗುತ್ತ ದೂರವಾಗುತ್ತ ಹೋಗುವುದರಿಂದ ಎರಡರಲ್ಲಿಯೂ ಅದು ಸಮನಾಗಿ ಉಂಟಾಗುತ್ತದೆ. ಗ್ರಾಹಕಯಂತ್ರವು ಎರಡರ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ಸಮನಾದುದು ಕಳೆದುಹೋಗಿ ಸಂಜ್ಞೆ ಉಳಿಯುತ್ತದೆ. ಟೆಲಿಫೋನು ತಂತಿಗಳಿಗಾಗಿ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ನಮ್ಮ ಕಾಲದ ಜಾಲವೂ ಅದನ್ನೇ ನಂಬಿದೆ. ನಾಲ್ಕು ಜೋಡಿಗಳ ಹುರಿಯ ಬಿಗಿತ ಬೇರೆ ಬೇರೆ. ಒಂದರ ಮಾತು ಇನ್ನೊಂದಕ್ಕೆ ಕೇಳದಿರಲೆಂದು.

ಕ್ಯಾಟ್ 6 ಎಂಬ ದರ್ಜೆಯ ಕೇಬಲು ನೂರು ಮೀಟರಿನವರೆಗೆ ಸೆಕೆಂಡಿಗೆ ನೂರು ಕೋಟಿ ಬಿಟ್‌ಗಳನ್ನು ಸರಾಗವಾಗಿ ಒಯ್ಯಬಲ್ಲುದು. ಅಕ್ಕನ ಮನೆಗೆ ಬೇಕಾದುದು ಇಪ್ಪತ್ತೈದು ಮೀಟರು. ಕೊಳ್ಳುವಾಗ ತಾಮ್ರದ್ದೇ ಎಂದು ಕೇಳಿ ಕೊಳ್ಳಬೇಕು. ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ಲೇಪವಿರುವ ಅಗ್ಗದ ಮಾಲಿನ ರೋಧ ಹೆಚ್ಚು, ಬಾಗಿಸಿದರೆ ಮುರಿಯುವುದೂ ಬೇಗ. ಮನೆಯ ವಿದ್ಯುತ್ತಿನ ತಂತಿಗಳಿರುವ ಕೊಳವೆಯಲ್ಲಿ ಇದನ್ನು ಎಂದೂ ತೂರಿಸಬಾರದು. ಮೆಟ್ಟಿಲ ಪಕ್ಕದಲ್ಲಿ ಬೇರೆ ಕೊಳವೆ ಹಾಕಿ, ಎರಡು ಮಹಡಿಗಳಿಗೂ ಒಂದೊಂದು ಕೇಬಲನ್ನು ಏರಿಸಿದೆವು. ಗೋಡೆ ಕೊರೆಯುವಾಗ ಭಾವನವರ ಮುಖ ನೋಡುವಂತಿರಲಿಲ್ಲ.

ಪ್ರತಿ ಮಹಡಿಯಲ್ಲಿಯೂ ಕೇಬಲಿನ ತುದಿಗೆ ಆಕ್ಸೆಸ್ ಪಾಯಿಂಟ್ ಎಂಬ ಪ್ರಸಾರಕಯಂತ್ರ ಬೇಕು. ಹಣ ಉಳಿಸಲೆಂದು ಎರಡನೆಯ ಮಹಡಿಗೆ ಹಳೆಯ ರೂಟರನ್ನೇ ಸಿಕ್ಕಿಸಿದೆ. ಮಾರನೆಯ ದಿನದಿಂದ ವಿಚಿತ್ರ: ಸಂಜ್ಞೆ ಪೂರ್ಣ, ಸಂಪರ್ಕ ಮಾತ್ರ ಒಮ್ಮೆ ಉಂಟು, ಒಮ್ಮೆ ಇಲ್ಲ. ಜಾಲದಲ್ಲಿ ಸೇರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಅದನ್ನು ಹಂಚುವುದು ರೂಟರಿನ ಕೆಲಸ. ಈಗ ಹಂಚುವವರು ಇಬ್ಬರಾಗಿದ್ದರು. ಒಂದೇ ವಿದ್ಯಾರ್ಥಿನಿಲಯದಲ್ಲಿ ಇಬ್ಬರು ಮೇಲ್ವಿಚಾರಕರು ಬೇರೆ ಬೇರೆ ಪಟ್ಟಿ ಹಿಡಿದು ಕೋಣೆ ಕೊಟ್ಟರೆ ಆಗುವ ಅವಸ್ಥೆಯೇ ಇಲ್ಲಿಯೂ ಆಯಿತು. ಅಷ್ಟೇ ಅಲ್ಲ, ಹಳೆಯ ರೂಟರಿನಿಂದ ವಿಳಾಸ ಪಡೆದ ಫೋನು ಹೊರದಾರಿಗೂ ಅದನ್ನೇ ಕೇಳುತ್ತಿತ್ತು. ಅದಕ್ಕೋ ಹೊರದಾರಿಯೇ ಇರಲಿಲ್ಲ. ಅದರ ವಿಳಾಸ ಹಂಚುವ ಸೌಕರ್ಯವನ್ನು ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಕೆಳಗಿನದಕ್ಕಿಂತ ಬೇರೆಯಾಗಿಸಿ, ಕೇಬಲನ್ನು ಲ್ಯಾನ್ ಎಂದು ಬರೆದ ಕಿಂಡಿಗೆ ಸೇರಿಸಿದ ಮೇಲೆ ತೊಂದರೆ ತೀರಿತು. ಇದನ್ನು ಕಂಡುಕೊಳ್ಳಲು ನನಗೆ ಎರಡು ಸಂಜೆಗಳು ಹಿಡಿದುವೆಂದು ಒಪ್ಪಿಕೊಳ್ಳುತ್ತೇನೆ.

ಮೂರು ಅಂತಸ್ತಿಗೂ ಹೆಸರು, ಗುಪ್ತಪದ ಒಂದೇ ಇರಲಿ. ಚಾನಲ್ ಬೇರೆ ಬೇರೆ ಇರಲಿ. 2.4 ಗಿಗಾಹರ್ಟ್ಸಿನಲ್ಲಿ ಚಾನಲ್ಲುಗಳ ಅಂತರ 5 ಮೆಗಾಹರ್ಟ್ಸ್, ಪ್ರಸಾರದ ಅಗಲವೋ ಸುಮಾರು 20. ಆದುದರಿಂದ ಒಂದರ ಮೇಲೊಂದು ಬೀಳದಂತೆ 1, 6, 11 ಎಂಬ ಮೂರನ್ನೇ ಆರಿಸುವುದು ವಾಡಿಕೆ. ಮೂರು ಅಂತಸ್ತಿಗೆ ಮೂರು, ಲೆಕ್ಕ ಸರಿಹೋಯಿತು.

ಮೇಲಿನ ಕೋಣೆಯಲ್ಲಿ ಫೋನು ತೋರಿಸುತ್ತಿದ್ದ ಬಲ ಮೊದಲು, ಒಂದು ಮಿಲಿವ್ಯಾಟಿಗೆ ಹೋಲಿಸಿದಂತೆ, ಋಣ 80 ಡೆಸಿಬೆಲ್. ಈಗ ಋಣ 50. ಎಷ್ಟು ಪಟ್ಟು ಹೆಚ್ಚಿತೆಂದು ಸೋದರಸೊಸೆಯನ್ನು ಕೇಳಿದೆ. ಮೂವತ್ತು ಎಂದು ಬಾಯಿಂದ ಹೊರಟಿತ್ತು. ತಡೆದು, ಬೆರಳು ಮಡಿಸಿ, "ಸಾವಿರ ಪಟ್ಟು" ಎಂದಳು. ಮುಂದಿನ ಪರೀಕ್ಷೆಯ ದಿನ ಅವಳು ತರಂಗವನ್ನು ನಂಬದೆ, ಕೇಬಲನ್ನು ನೇರವಾಗಿ ತನ್ನ ಕಂಪ್ಯೂಟರಿಗೇ ಸಿಕ್ಕಿಸಿಕೊಂಡು ಬರೆದಳು.