ಜೊತೆಗಿದ್ದೂ ನಮ್ಮದಲ್ಲದ ಕಲ್ಲು

ಹವಾಯಿಯ ಹಲಿಯಾಕಲಾ ಬೆಟ್ಟದ ನೆತ್ತಿಯಲ್ಲಿ ಪ್ಯಾನ್-ಸ್ಟಾರ್ಸ್ ಎಂಬ ದೂರದರ್ಶಕವಿದೆ. ಭೂಮಿಯ ಆಸುಪಾಸಿನಲ್ಲಿ ಸುಳಿಯುವ ಕ್ಷುದ್ರಗ್ರಹಗಳನ್ನು ಹುಡುಕುವುದು ಅದರ ಮುಖ್ಯ ಕೆಲಸಗಳಲ್ಲೊಂದು. 2016ರ ಏಪ್ರಿಲ್ 27ರಂದು ಅದಕ್ಕೆ ಮಂಕು ಚುಕ್ಕೆಯೊಂದು ಸಿಕ್ಕಿತು. ಮೊದಲು 2016 ಎಚ್‌ಒ3 ಎಂದು ಗುರುತಿಸಿದ ಆ ಕಲ್ಲಿಗೆ ಮುಂದೆ ಹವಾಯಿ ಭಾಷೆಯ ಕಮೋಓಆಲೇವ ಎಂಬ ಹೆಸರು ಬಂತು. ಅದರ ಅಗಲ 40ರಿಂದ 100 ಮೀಟರ್ ಇರಬಹುದೆಂಬುದು ಅಂದಾಜು. ಇಷ್ಟು ಸಣ್ಣ ಕಲ್ಲಿನ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದದ್ದು ಅದು ಹಿಡಿದಿರುವ ದಾರಿಯಿಂದಾಗಿ.

ವರ್ಷಕ್ಕೊಂದು ಸುತ್ತು

ಈ ಕಲ್ಲು ಸುಮಾರು 366 ದಿನಗಳಲ್ಲಿ ಸೂರ್ಯನನ್ನು ಒಂದು ಸುತ್ತು ಹಾಕುತ್ತದೆ, ಅಂದರೆ ಹೆಚ್ಚುಕಡಿಮೆ ನಮ್ಮಷ್ಟೇ ಕಾಲದಲ್ಲಿ. ಆದರೆ ಅದರ ಕಕ್ಷೆ ನಮ್ಮದಕ್ಕಿಂತ ಹೆಚ್ಚು ಚಪ್ಪಟೆ. ಹಾಗಾಗಿ ಅರ್ಧ ವರ್ಷ ಅದು ಭೂಮಿಗಿಂತ ಸೂರ್ಯನಿಗೆ ಹತ್ತಿರವಿದ್ದರೆ, ಇನ್ನರ್ಧ ವರ್ಷ ದೂರವಿರುತ್ತದೆ. ಸೂರ್ಯನ ಸಮೀಪದಲ್ಲಿ ವೇಗ ಹೆಚ್ಚು, ದೂರದಲ್ಲಿ ಕಡಿಮೆ ಎಂಬುದು ಕೆಪ್ಲರ್ ಕಂಡುಕೊಂಡ ನಿಯಮ.

ದೇವಸ್ಥಾನದಲ್ಲಿ ಇಬ್ಬರು ಜೊತೆಯಾಗಿ ಪ್ರದಕ್ಷಿಣೆ ಹಾಕುತ್ತಿದ್ದಾರೆ ಎಂದುಕೊಳ್ಳಿ. ಒಬ್ಬರದು ಒಂದೇ ಸಮನಾದ ನಡಿಗೆ. ಇನ್ನೊಬ್ಬರು ಗರ್ಭಗುಡಿಯ ಕಡೆಗೆ ಸರಿದಾಗ ಬಿರುಸಾಗಿ ನಡೆದು ಮುಂದಾಗುತ್ತಾರೆ, ಹೊರಗೋಡೆಯ ಕಡೆಗೆ ಸರಿದಾಗ ನಿಧಾನಿಸಿ ಹಿಂದಾಗುತ್ತಾರೆ. ಒಳಗೆ, ಮುಂದೆ, ಹೊರಗೆ, ಹಿಂದೆ ಎಂದು ಜಾಗ ಬದಲಿಸುವ ಅವರು, ಮೊದಲನೆಯವರ ಕಣ್ಣಿಗೆ ತಮ್ಮನ್ನೇ ಸುತ್ತುತ್ತಿರುವಂತೆ ಕಾಣುತ್ತಾರೆ. ಕಮೋಓಆಲೇವ ಭೂಮಿಯನ್ನು ‘ಸುತ್ತುವುದು’ ಹೀಗೆ. ಅದರ ಕಕ್ಷೆ ನಮ್ಮ ಕಕ್ಷೆಯ ಸಮತಲಕ್ಕೆ ಸುಮಾರು 8 ಡಿಗ್ರಿ ವಾಲಿರುವುದರಿಂದ ಪ್ರತಿ ಸುತ್ತಿನಲ್ಲೂ ಮೇಲೆ ಕೆಳಗೆ ಏರಿಳಿಯುತ್ತದೆ ಕೂಡ.

ಚಂದ್ರನಂತೆ ಇದು ಭೂಮಿಗೆ ಕಟ್ಟುಬಿದ್ದಿಲ್ಲ. ಭೂಮಿಯ ಗುರುತ್ವ ಒಂದು ಕಾಯವನ್ನು ತನ್ನ ಸುತ್ತ ಹಿಡಿದಿಡಬಲ್ಲ ವಲಯ ಸುಮಾರು 15 ಲಕ್ಷ ಕಿಲೋಮೀಟರಿಗೇ ಮುಗಿಯುತ್ತದೆ. ಈ ಕಲ್ಲೋ ಸುಮಾರು 1.4 ಕೋಟಿ ಕಿಲೋಮೀಟರಿಗಿಂತ ಹತ್ತಿರ ಬರುವುದಿಲ್ಲ. ಅದು ಚಂದ್ರನ ದೂರದ 38 ಪಟ್ಟು. ಭೂಮಿಯೇ ಇಲ್ಲದಿದ್ದರೂ ಅದು ಸೂರ್ಯನನ್ನು ಸುತ್ತುತ್ತಲೇ ಇರುತ್ತಿತ್ತು. ಆದರೂ ನಮ್ಮ ಗುರುತ್ವಕ್ಕೆ ಇಲ್ಲಿ ಒಂದು ಪಾತ್ರವಿದೆ. ಕಲ್ಲು ವರ್ಷವರ್ಷವೂ ತುಸು ಮುಂದೆಯೋ ಹಿಂದೆಯೋ ಜಾರುತ್ತಾ ಹೋದಾಗ, ಆ ಜಾರುವಿಕೆಯನ್ನು ತಿರುಗಿಸಲು ಬೇಕಾದಷ್ಟು ಸೆಳೆತ ಭೂಮಿಗಿದೆ. ಹೀಗಾಗಿ ಸುಮಾರು ನೂರು ವರ್ಷಗಳಿಂದ ಅದು ನಮ್ಮ ಜೊತೆಗಿದೆ. ಇನ್ನೂ ಕೆಲವು ಶತಮಾನ ಇರಲಿದೆ ಎನ್ನುತ್ತದೆ ಲೆಕ್ಕ.

ಚಂದ್ರನ ಚೂರೇ?

ವರ್ಷದಲ್ಲಿ ಏಪ್ರಿಲ್ ಸುಮಾರಿನ ಕೆಲವೇ ವಾರ ಇದನ್ನು ದೊಡ್ಡ ದೂರದರ್ಶಕಗಳಿಂದ ಚೆನ್ನಾಗಿ ನೋಡಬಹುದು. ಹಾಗೆ ಪಡೆದ ಬೆಳಕನ್ನು ಅರಿಜೋನಾ ವಿಶ್ವವಿದ್ಯಾಲಯದ ತಂಡ ವಿಶ್ಲೇಷಿಸಿ, ಅದು ಅಪೊಲೊ ಯಾತ್ರಿಗಳು ತಂದ ಚಂದ್ರಶಿಲೆಯನ್ನು ಹೋಲುತ್ತದೆಂದು 2021ರಲ್ಲಿ ಪ್ರಕಟಿಸಿತು. ಹಿಂದೆಂದೋ ಚಂದ್ರನಿಗೆ ಬಂಡೆಯೊಂದು ಅಪ್ಪಳಿಸಿದಾಗ ಸಿಡಿದ ಚೂರು ಇದಾಗಿರಬಹುದು. ಚಂದ್ರನ ಆಚೆ ಬದಿಯಲ್ಲಿರುವ 22 ಕಿಲೋಮೀಟರ್ ಅಗಲದ ಜೋರ್ಡಾನೊ ಬ್ರೂನೊ ಕುಳಿಯೇ ಅದರ ತವರಿರಬಹುದೆಂದು 2024ರ ಅಧ್ಯಯನವೊಂದು ಸೂಚಿಸಿತು.

ಬೆಳಕಿನ ಹೋಲಿಕೆಯಷ್ಟೇ ಪುರಾವೆಯಾಗದು. 2025ರ ಮೇ ತಿಂಗಳಲ್ಲಿ ಚೀನಾ ಉಡಾಯಿಸಿದ ಥಿಯನ್‌ವೆನ್-2 ನೌಕೆಯ ಮೊದಲ ಗುರಿ ಇದೇ ಕಲ್ಲು. ಸುಮಾರು 28 ನಿಮಿಷಕ್ಕೊಮ್ಮೆ ತನ್ನ ಸುತ್ತಲೇ ತಿರುಗುವ ಈ ಪುಟ್ಟ ಕಾಯದಿಂದ ಮಾದರಿ ಎತ್ತುವುದು ಸುಲಭವಲ್ಲ. ಆದರೆ ಅದು ಚಂದ್ರನ ಚೂರೋ ಅಲ್ಲವೋ ಎಂಬ ಪ್ರಶ್ನೆಯನ್ನು ಖಚಿತವಾಗಿ ಬಗೆಹರಿಸಬೇಕಾದರೆ ಹಿಡಿ ಮಣ್ಣಾದರೂ ಪ್ರಯೋಗಾಲಯಕ್ಕೆ ಬರಬೇಕು.